ಕಂಬಳಿ ಹೊದ್ದ ಕಾರು

ಮಾವನವರ ಬಲಗೈ ಹೆಬ್ಬೆರಳು ಬುಡದಿಂದಲೇ ಸೊಟ್ಟಗಾಗಿತ್ತು. ಎಂಜಿನ್ ಹತ್ತಿಸಲು ಕಾರಿನ ಮೂತಿಗೆ ತೂರಿಸಿ ತಿರುವುವ ಹ್ಯಾಂಡಲ್ ಒಮ್ಮೆ ಹಿಂದಕ್ಕೆ ಒದ್ದು ಮುರಿದದ್ದು. ಆ ದಿನ ಬೆಳಗ್ಗೆ ಐದೂಕಾಲಿಗೆ ಸೀಟಿನ ಮುಂದೆ, ಎಂಜಿನ್ನಿಗೆ ಪೆಟ್ರೋಲ್ ಬಿಡುವ ನಲ್ಲಿಯ ಮೇಲೆ ನಾನು ಕಂಡದ್ದು ಅದೇ ಬೆರಳನ್ನು. ಈಗಲೂ ಕಣ್ಣು ಮುಚ್ಚಿದರೆ ಎಲ್ಲವೂ ಅಲ್ಲಿಂದಲೇ ಶುರುವಾಗುತ್ತದೆ.

ಮಧುಗಿರಿಯಲ್ಲಿ ಅವರದು ಹುಣಸೆಹಣ್ಣಿನ ವ್ಯಾಪಾರ. ಕಾರು ಯಾರೋ ದೊರೆ ಓಡಿಸಿ ಬಿಟ್ಟ ಹಳೆಯದು. ದೀಪಾವಳಿ ಕಳೆದು ಬೆಟ್ಟದಿಂದ ಮಂಜು ಇಳಿಯತೊಡಗಿದರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಎಂಜಿನ್ನಿನ ಮಂದ ಎಣ್ಣೆ ತೆಗೆದು ತೆಳು ಎಣ್ಣೆ ಹಾಕುವರು. ಶಿರಾದಿಂದ ತರಿಸಿದ ಕರಿಕಂಬಳಿಯನ್ನು ಬಾನೆಟ್ಟಿಗೆ ಹೊದಿಸುವರು. ಹಂಡೆಯ ಮೊದಲ ಬಿಸಿನೀರು ರೇಡಿಯೇಟರಿಗೆ. ನಮ್ಮ ಸ್ನಾನ ಆಮೇಲೆ. ಎಣ್ಣೆ ಸಡಿಲವಾಗಲೆಂದು ಎಂಜಿನ್ನಿನ ಕೆಳಗೆ ಬಾಣಲೆಯಲ್ಲಿ ಕೆಂಡ. ಬಾಣಂತಿಗೂ ಇಷ್ಟು ಆರೈಕೆಯಿಲ್ಲ ಎಂದು ಅತ್ತೆ ಗೊಣಗುವರು. ಕಾರ್ಬುರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದುದರಿಂದ ಮಾವನವರದೊಂದು ಕಟ್ಟಳೆ ಇತ್ತು: "ಮೊದ್ಲು ಕೆಂಡ ಆಚೆಗೆ, ಆಮೇಲೆ ಪೆಟ್ರೋಲು."

ನಾನು ಮೈಸೂರಿನಲ್ಲಿ ಓದಿ ಬಂದ ಸೊಸೆ. ಒಂದು ದಿನ ನನ್ನನ್ನು ಕರೆದು ಹ್ಯಾಂಡಲ್ ಕೈಗೆ ಕೊಟ್ಟರು. "ಹೆಬ್ಬೆಟ್ಟು ಸುತ್ತಬ್ಯಾಡ ಕಣಮ್ಮ. ಬೆಳ್ಳುಗಳ ಜತೇಲೇ ಮಲಗಿಸ್ಕೊ."

ಅತ್ತೆ ಬಾಗಿಲಲ್ಲಿ ನಿಂತು, "ಹ್ಯಾಂಡ್ಲು ಹೊಡಿಯಕ್ಕಾ ಅವರಪ್ಪ ಇವಳ್ನ ಕಾಲೇಜಿಗೆ ಕಳ್ಸಿದ್ದು?" ಎಂದರು.

"ನಂದೊಂದು ಬೆಳ್ಳು ಹೋಯ್ತು. ಇವಳದ್ದಾದ್ರೂ ಉಳೀಲಿ ಬುಡು," ಎಂದರು ಮಾವ.

ಆ ಮಾರ್ಗಶಿರದಲ್ಲಿ ನನ್ನ ಎಂಟು ತಿಂಗಳ ಮಗನಿಗೆ ಗಂಟಲು ಕಟ್ಟಿತು. ಬೆಳಗಿನ ಜಾವಕ್ಕೆ ಉಸಿರು ಸಿಳ್ಳೆಯಾಗಿತ್ತು. ಪತಿ ಪಾವಗಡದ ಕಡೆ ಖರೀದಿಗೆ ಹೋಗಿದ್ದರು. ತುಮಕೂರಿನ ಆಸ್ಪತ್ರೆಗೆ ಹೊರಡಲೇಬೇಕಿತ್ತು. ಕೆಂಡದ ಶಾಖ ಏರಿ ಮನೆಯಲ್ಲೆಲ್ಲ ಕಾರೇ ಬೆಚ್ಚಗಿದ್ದುದರಿಂದ ಮಗುವನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತೆ. ಮಾವ ಮುಂದೆ ಕುಳಿತು, ತಿರುಗಿ ತಿರುಗಿ ಮಗುವನ್ನೇ ನೋಡುತ್ತಿದ್ದರು. ನೋಡುತ್ತಲೇ ನಲ್ಲಿ ತಿರುಗಿಸಿದರು. ಕೆಂಡ ಇನ್ನೂ ಕೆಳಗೇ ಇತ್ತು.

ಬುಸ್ ಎಂದು ಬಾನೆಟ್ಟಿನ ಸಂದಿಯಲ್ಲಿ ಬೆಳಕು ಎದ್ದಿತು. "ಕೂಸು ತಗೊಂಡು ಇಳಿ ತಾಯಿ," ಎಂದರು, ಮೆಲ್ಲಗೆ. ನಾನು ಇಳಿದು ಅಂಗಳದ ತುದಿಗೆ ಓಡಿದೆ. ಅವರು ಇಳಿಯಲಿಲ್ಲ. ನಲ್ಲಿಯನ್ನು ತಿರುಗಿಸಿ ಮುಚ್ಚಿದ ಮೇಲೆಯೇ ಹೊರಬಂದು, ಬಾನೆಟ್ಟಿನ ಕಂಬಳಿ ಸೆಳೆದು, ಉರಿಯ ಮೇಲೆ ಒತ್ತಿ ಹಿಡಿದರು. ಉಣ್ಣೆ ಕಮರಿದ ವಾಸನೆ. ಬೆಂಕಿ ಆರಿದಾಗ ಅವರ ಎರಡೂ ಅಂಗೈಗಳ ಚರ್ಮ ಸುಲಿದಿತ್ತು.

ಅತ್ತೆ ಆ ಕೈಗಳಿಗೆ ಒದ್ದೆ ಪಂಚೆಯ ಬಟ್ಟೆ ಸುತ್ತಿದರು. ಬಾಣಲೆಯನ್ನು ಬೀದಿಗೆ ಎಳೆಸಿದ ಮೇಲೆ ಮಾವ ನನ್ನ ಕಡೆ ನೋಡಿದರು. "ನನ್ ಕೈಲಿ ಆಗಕಿಲ್ಲ. ನೀನೇ ತಿರುವು."

ಮಗುವನ್ನು ಅತ್ತೆಗೆ ಕೊಟ್ಟು ಹೆಬ್ಬೆರಳನ್ನು ಬೆರಳುಗಳ ಜೊತೆ ಮಲಗಿಸಿದೆ. ಎರಡು ಸಲ ಎಂಜಿನ್ ಗೊರಗುಟ್ಟಿ ಸುಮ್ಮನಾಯಿತು. ಮೂರನೆಯ ಸಲ ಹ್ಯಾಂಡಲ್ ಹಿಂದಕ್ಕೆ ಒದ್ದು ಕೈಯಿಂದ ಜಾರಿಹೋಯಿತು, ಮೂಳೆ ಮುರಿಯಲಿಲ್ಲ. ಮತ್ತೆ ತಿರುವಿದೆ, ಹತ್ತಿತು. ಕೊರಟಗೆರೆಯ ಮಂಜಿನಲ್ಲಿ ಮಾವ ಮೊಣಕೈಗಳಿಂದಲೂ ಸ್ಟೀರಿಂಗ್ ಚಕ್ರ ತಿರುಗಿಸಿದರು. ಮಗ ಉಳಿದ.

ಆಮೇಲಿನ ಪ್ರತಿ ಚಳಿಗಾಲ ಮಾವನವರು ರಾತ್ರಿ ಎದ್ದು ಕಾರಿನ ಹತ್ತಿರ ಹೋಗಿ ನಲ್ಲಿ ಮುಟ್ಟಿ ಬರುತ್ತಿದ್ದರು. ಅವರ ಚಪ್ಪಲಿ ಸದ್ದು ಹೋಗಿ ಹಿಂದಿರುಗುವವರೆಗೂ ನಾನು ಎಚ್ಚರ. ಆ ಬೆಳಗಿನ ಮಾತನ್ನು ನಾವಿಬ್ಬರೂ ಎತ್ತಲಿಲ್ಲ. ಒಮ್ಮೆ ಮಾತ್ರ, ಮೊಮ್ಮಗ ಕಾರಿನೊಳಗೆ ಆಡುತ್ತಿದ್ದಾಗ, "ನೀನು ಬೇಗ ಇಳಿದ್ಬುಟ್ಟೆ, ಅದೇ ಪುಣ್ಯ," ಎಂದು ನನಗೆ ಹೇಳಿ ಆಚೆ ಮುಖ ಮಾಡಿಕೊಂಡರು.

ಅವರು ಹೋದದ್ದು ಒಂದು ಪುಷ್ಯದಲ್ಲಿ. ಚಪ್ಪಲಿ ಸದ್ದು ನಿಂತಿತು, ನನ್ನ ನಿದ್ದೆ ಮರಳಲಿಲ್ಲ. ಮಲಗಿದರೆ ಕಂಬಳಿ ಕಮರಿದ ವಾಸನೆ. ಹನ್ನೊಂದನೆಯ ದಿನದ ಕಾರ್ಯ ಮುಗಿದ ಸಂಜೆ ನಾನೇ ಹೋಗಿ ಕಾರಿನೊಳಗೆ ಕೈ ಹಾಕಿದೆ. ನಲ್ಲಿ ಮುಚ್ಚಿತ್ತು. ಆದರೂ ಒಮ್ಮೆ ಬಿಗಿಯಾಗಿ ತಿರುಗಿಸಿ, ಸುಟ್ಟ ಅಂಚಿನ ಆ ಕಂಬಳಿಯನ್ನು ಬಾನೆಟ್ಟಿಗೆ ಹೊದಿಸಿ ಬಂದೆ.

ಮರುದಿನ ಹೊತ್ತೇರಿದ ಮೇಲೆ ಅತ್ತೆ ಬಂದು ಎಬ್ಬಿಸಿದಾಗ ಹಂಡೆಯ ನೀರು ಕಾದು ತಣ್ಣಗಾಗಿಹೋಗಿತ್ತು.