ಲಾದ್ರು ಬಾಪ್ಪುವಿನ ಉತ್ತರ

ಫಳ್ನೀರಿನ ಒಂದು ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಮ್ಯಾಕ್ಸಿಮ್ ರಕ್ತ ತೆಗೆಯುತ್ತಿದ್ದ. ಸೂಜಿಗೆ ಹೆದರುವವರು ಅವನನ್ನೇ ಕೇಳಿಕೊಂಡು ಬರುತ್ತಿದ್ದರು. ಅವನ ಕೈ ಹಗುರ, ನಿಜ. ಆದರೆ ಅವರು ಬರುತ್ತಿದ್ದದ್ದು ಅದಕ್ಕಲ್ಲ.

ಬಂದರಿನ ಒಣಮೀನು ವ್ಯಾಪಾರಿ ಕಮರುದ್ದೀನ್ ತೋಳು ಚಾಚಿ, ಮುಖ ಗೋಡೆಗೆ ತಿರುಗಿಸಿ ಕುಳಿತದ್ದನ್ನು ನಾನೇ ನೋಡಿದ್ದೇನೆ.

“ಬಾಪ್ಪು, ಇವತ್ತಾದರೂ ಹೇಳಿ ಮಾರಾಯ್ರೆ. ಅವಳಿಗೆ ನೀವು ಹೌದು ಹೇಳಿದ್ದಾ, ಇಲ್ಲ ಹೇಳಿದ್ದಾ?”

“ಹೇಳ್ತೇನೆ, ಮುಷ್ಟಿ ಹಿಡೀರಿ. ಆ ದಿನ ಎಂತ ಆಯ್ತು ಗೊತ್ತುಂಟಾ? ನಾನು ಬಾಯಿ ತೆರೆದೆ. ಅಷ್ಟರಲ್ಲಿ ಬಾವಿಯೊಳಗಿಂದ ದೊಡ್ಡ ಶಬ್ದ. ಬಗ್ಗಿ ನೋಡಿದರೆ ಅವಳ ಆಡು... ಆಯ್ತು, ಮುಷ್ಟಿ ಬಿಡಿ. ಹತ್ತಿ ಒತ್ತಿ ಹಿಡೀರಿ.”

“ಉತ್ತರ?”

“ಮುಂದಿನ ತಿಂಗಳು ಶುಗರ್ ನೋಡ್ಲಿಕ್ಕೆ ಬರ್ತೀರಲ್ಲ, ಆಗ.”

ಹದಿನೈದು ವರ್ಷಗಳ ಹಿಂದೆ ಊರಿನ ಕೇಬಲ್ ಚಾನೆಲ್ಲಿನಲ್ಲಿ ಭಾನುವಾರ ಸಂಜೆ ‘ಒಂಜಿ ಗುವೆಲ್’ ಎಂಬ ಹಾಸ್ಯ ಧಾರಾವಾಹಿ ಬರುತ್ತಿತ್ತು. ಹೆಸರಿನ ಅರ್ಥ ‘ಒಂದು ಬಾವಿ’. ಮಾತು ಅರ್ಧ ತುಳು, ಅರ್ಧ ಕೊಂಕಣಿ. ಎರಡು ಮನೆಗಳ ನಡುವೆ ಒಂದೇ ಬಾವಿ. ಒಂದು ಮನೆಯಲ್ಲಿ ಲಾದ್ರು ಬಾಪ್ಪು ಎಂಬ ಜಿಪುಣ ಬ್ರಹ್ಮಚಾರಿ, ಇನ್ನೊಂದರಲ್ಲಿ ಮಟಿಲ್ಡಾ ಬಾಯಿ ಎಂಬ ಜೋರಿನ ವಿಧವೆ. ಬಾಪ್ಪು ನಮ್ಮ ಮ್ಯಾಕ್ಸಿಮ್. ಮಟಿಲ್ಡಾ ಬಾಯಿಯಾಗಿ ಅದೇ ನರ್ಸಿಂಗ್ ಹೋಮಿನ ನರ್ಸ್ ಶರ್ಲಿ. ಬಂದರಿನ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ನಾನು ಮಾತು ಬರೆಯುತ್ತಿದ್ದೆ. ಬರೆಯುತ್ತಿದ್ದೆ ಎನ್ನುವುದು ದೊಡ್ಡ ಮಾತು. ಮ್ಯಾಕ್ಸಿಮ್ ಆಡುತ್ತಿದ್ದ, ನಾನು ಗೀಚಿಕೊಳ್ಳುತ್ತಿದ್ದೆ. ಆ ವಾರದ್ದು ಆ ವಾರಕ್ಕೆ. ಮುಂದೇನು ಎಂಬುದು ನಮಗೇ ಗೊತ್ತಿರುತ್ತಿರಲಿಲ್ಲ.

ಧಾರಾವಾಹಿ ನಿಂತದ್ದು ರೋಸ್ ದೃಶ್ಯದಲ್ಲಿ. ನಮ್ಮ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ವಧುವನ್ನೋ ವರನನ್ನೋ ಕೂರಿಸಿ, ಬಂಧುಗಳೆಲ್ಲ ಸಾಲಾಗಿ ಬಂದು ತಲೆಗೆ ತೆಂಗಿನ ಹಾಲು ಹೊಯ್ದು ಹರಸುತ್ತಾರೆ; ಅದೇ ರೋಸ್. ಹಳೆಯ ಬದುಕನ್ನು ತೊಳೆದು ಕಳಿಸುವುದು. ಕೊನೆಕೊನೆಗೆ ಹುಡುಗರ ಕೈಗೆ ಪಾತ್ರೆ ಸಿಕ್ಕಿದರೆ ಯಾರ ತಲೆಯೂ ಒಣಗಿ ಉಳಿಯುವುದಿಲ್ಲ. ಬಾಪ್ಪುವಿನ ಅಣ್ಣನ ಮಗಳ ರೋಸ್ ಅಂದು. ಎಲ್ಲರ ಎದುರಿಗೆ ಮಟಿಲ್ಡಾ ಬಾಯಿ ಸೊಂಟಕ್ಕೆ ಕೈಯಿಟ್ಟು, “ನನ್ನನ್ನು ಮದುವೆ ಆಗ್ತೀರಾ, ಇಲ್ಲವಾ? ಒಂದು ಮಾತು ಹೇಳಿ” ಎಂದು ಕೇಳಿದಳು. ಬಾಪ್ಪು ಬಾಯಿ ತೆರೆದ. ಅಷ್ಟರಲ್ಲಿ ಬಂಧುಗಳಾಗಿ ನಟಿಸುತ್ತಿದ್ದ ನಮ್ಮವರಿಗೆ ಇದು ನಾಟಕ ಎಂಬುದೇ ಮರೆತುಹೋಯಿತು. ಹಾಲು ಬಾಪ್ಪುವಿನ ಮೇಲೆ, ವಧುವಿನ ಮೇಲೆ, ನನ್ನ ಮೇಲೆ, ಕೊನೆಗೆ ಕ್ಯಾಮರಾದವನ ಮೇಲೆ. ಬಾಡಿಗೆಯ ಕ್ಯಾಮರಾ ಅಲ್ಲೇ ಕಣ್ಣು ಮುಚ್ಚಿತು. ಇದ್ದಷ್ಟನ್ನು ಪ್ರಸಾರ ಮಾಡಿದರು. ಇನ್ನೊಂದು ಕ್ಯಾಮರಾ ಹುಡುಕುವಷ್ಟರಲ್ಲಿ ಚಾನೆಲ್ ಬೇರೆಯವರ ಕೈಗೆ ಹೋಗಿ, ನಮ್ಮ ಹೊತ್ತಿನಲ್ಲಿ ಸೀರೆ ಜಾಹೀರಾತು ಬರತೊಡಗಿತು. ಶರ್ಲಿ ಕುವೈತಿಗೆ ಹೋದಳು.

ಅಂದಿನಿಂದ ಊರು ಮ್ಯಾಕ್ಸಿಮನನ್ನು ಆ ಒಂದು ಪ್ರಶ್ನೆ ಕೇಳುತ್ತಲೇ ಇತ್ತು. ಬಸ್ಸಿನಲ್ಲಿ, ಮೀನಿನ ಮಾರ್ಕೆಟ್ಟಿನಲ್ಲಿ, ಇಗರ್ಜಿಯ ಬಾಗಿಲಲ್ಲಿ. ಒಬ್ಬೊಬ್ಬರಿಗೆ ಒಂದೊಂದು ಕತೆ ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಹೋದ ವರ್ಷ ಮಳೆಗಾಲ ಮುಗಿಯುತ್ತಲೇ ಅವನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ತಡವಾಗಿತ್ತು. ಕೊಟ್ಟಾರದ ಅವನ ಫ್ಲ್ಯಾಟಿಗೆ ನಾನು ಹೋದಾಗ ಅವನು ಮೊದಲು ಹೇಳಿದ ಮಾತು ಇದು:

“ಮರ್ವಿನ್, ಉತ್ತರ ಹೇಳಿಯೇ ಹೋಗಬೇಕು ಮಾರಾಯ. ಜನರನ್ನು ಹೀಗೆ ನೇತು ಹಾಕಿ ಹೋಗುವುದು ಸರಿಯಲ್ಲ. ಕ್ರಿಸ್ಮಸ್ಸಿಗೆ ಶರ್ಲಿ ಬರ್ತಾಳಂತೆ. ಮೊಬೈಲಿನಲ್ಲೇ ತೆಗೆಯುವ.”

ಅವನ ಹೆಂಡತಿ ಎಸ್ತೆರ್ ಒಪ್ಪಲಿಲ್ಲ. ಅವಳಿಗೆ ಆ ಧಾರಾವಾಹಿಯೇ ಆಗುತ್ತಿರಲಿಲ್ಲ. ವರ್ಷಗಟ್ಟಲೆ ಭಾನುವಾರಗಳನ್ನು ಅದು ನುಂಗಿತ್ತು. ಅಡುಗೆಮನೆಯಿಂದಲೇ ಹೇಳಿದಳು: “ಜನ ಇವರನ್ನು ದೊಡ್ಡ ಹೊಟ್ಟೆಯಲ್ಲಿ ನೋಡಿದ್ದಾರೆ. ಈಗ ಈ ಎಲುಬು ತೋರಿಸಬೇಕಾ? ಅಯ್ಯೋ ಪಾಪ ಅಂತ ಯಾರೂ ಹೇಳುವುದು ಬೇಡ.”

“ಬಾಪ್ಪುವಿಗೂ ವಯಸ್ಸಾಯ್ತು ಅಂತ ತಿಳ್ಕೊಳ್ತಾರೆ, ಎಸ್ತೆರ್.”

“ವಯಸ್ಸು ಬೇರೆ, ಇದು ಬೇರೆ. ನಿಮಗೆ ಗೊತ್ತುಂಟು.”

ಆ ವಾರವೆಲ್ಲ ಅವನು ಊಟವನ್ನೂ ಸರಿಯಾಗಿ ಮಾಡಲಿಲ್ಲವಂತೆ. ಕೊನೆಗೆ ಸೋತವಳು ಅವಳೇ. ಕ್ರಿಸ್ಮಸ್ ಕಳೆದ ಮರುದಿನ ಮಧ್ಯಾಹ್ನ ನಾವು ಸೇರಿದಾಗ, ಸೋಫಾದ ದಿಂಬೊಂದನ್ನು ಅವನ ಹೊಟ್ಟೆಗೆ ಕಟ್ಟಿ, ಮೇಲೆ ಹಳೆಯ ಅಂಗಿ ತೊಡಿಸಿ, ಗುಂಡಿ ಹಾಕುತ್ತಿದ್ದಳು. “ಉಸಿರು ಬಿಗಿ ಹಿಡಿಬೇಡಿ. ಬಾಪ್ಪು ಯಾವಾಗ ಹೊಟ್ಟೆ ಒಳಗೆ ಎಳೆದದ್ದು ಉಂಟು?”

ಮಗ ರೂಬನ್ ಫೋನ್ ಹಿಡಿದ. ಮೊಮ್ಮಕ್ಕಳನ್ನು ಕಂಡಿರುವ ಶರ್ಲಿ ಸೊಂಟಕ್ಕೆ ಕೈಯಿಟ್ಟಳು. ಬಟ್ಟಲಲ್ಲಿ ತೆಂಗಿನ ಹಾಲು. ಏನು ಹೇಳುತ್ತೇನೆಂದು ಮ್ಯಾಕ್ಸಿಮ್ ನನಗೂ ಹೇಳಿರಲಿಲ್ಲ.

“ನನ್ನನ್ನು ಮದುವೆ ಆಗ್ತೀರಾ, ಇಲ್ಲವಾ?”

“ಹೌದು!” ಎಲ್ಲಿಂದ ಬಂತೋ ಆ ಗಟ್ಟಿ ಧ್ವನಿ. “ಆದರೆ ನನಗೆ ರೋಸ್ ಮಾಡಬೇಕು. ಇಷ್ಟು ವರ್ಷ ಊರವರ ರೋಸಿಗೆ ತೆಂಗಿನಕಾಯಿ ಕೊಟ್ಟಿದ್ದೇನೆ.”

“ನನಗೆ ಇನ್ನು ರೋಸ್ ಇಲ್ಲ. ರೋಸ್ ಜೀವನದಲ್ಲಿ ಒಮ್ಮೆಯೇ, ನನ್ನದು ಆಗಿ ಹೋಗಿದೆ.”

“ಹಾಗಾದರೆ ನಿನ್ನ ಪಾಲಿನದೂ ನನ್ನ ತಲೆಗೇ ಹೊಯ್ಯಿ. ಕಾಯಿ ದಂಡ ಆಗಬಾರದು.”

ಶರ್ಲಿ ನಗುತ್ತ ಹೊಯ್ದಳು. ದೃಶ್ಯ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಎಸ್ತೆರ್ ಬಂದು ಬಟ್ಟಲಿಗೆ ಕೈಹಾಕಿದಳು. ಅವನ ಹಣೆಗೆ ಶಿಲುಬೆಯ ಗುರುತು ಮಾಡಿ, ತಲೆಗೆ ಹಾಲು ಹಾಕಿ, ತುಸು ಹೊತ್ತು ಅಂಗೈಯನ್ನು ಅಲ್ಲೇ ಇಟ್ಟಳು. ರೂಬನ್ ಫೋನನ್ನು ಮೇಜಿಗೆ ಒರಗಿಸಿ ಬಂದ. ನಾನೂ ಹೋದೆ. ಮ್ಯಾಕ್ಸಿಮ್ ಕಣ್ಣು ಮುಚ್ಚಿ ಮದುಮಗನ ಹಾಗೆಯೇ ಕುಳಿತಿದ್ದ.

ಬಾಪ್ಪು ‘ಹೌದು’ ಎಂದಲ್ಲಿಂದ ರೋಸಿನ ಮಾತಿನವರೆಗೆ ಮಾತ್ರ ಇಟ್ಟು ರೂಬನ್ ವಾಟ್ಸಾಪಿನಲ್ಲಿ ಹಾಕಿದ. ಒಂದೇ ದಿನದಲ್ಲಿ ಊರೆಲ್ಲ ಸುತ್ತಿತು. ಅಭಿನಂದನೆ ಹೇಳಲು ಫೋನ್ ಮೇಲೆ ಫೋನ್. ಕಮರುದ್ದೀನ್ ಮದುವೆಯ ಉಡುಗೊರೆ ಎಂದು ಒಣ ಸಿಗಡಿಯ ಪೊಟ್ಟಣ ಕಳಿಸಿದರು. ಮ್ಯಾಕ್ಸಿಮ್ ನಕ್ಕ. ಆದರೆ ವಾರ ಕಳೆದು ನಾನು ಹೋದಾಗ ಮಂಕಾಗಿ ಕುಳಿತಿದ್ದ.

“ತಪ್ಪು ಮಾಡಿದೆವಾ ಮರ್ವಿನ್? ಇನ್ನು ನನ್ನ ಹತ್ತಿರ ಯಾರು ಎಂತ ಕೇಳ್ತಾರೆ?”

ಆಮೇಲೆ ಅವನೇ, “ಬಾಪ್ಪುವಿನ ಮದುವೆಯ ಮರುದಿನ ಬೆಳಿಗ್ಗೆಯಿಂದ ಮುಂದಿನ ಕತೆ ಶುರು ಮಾಡುವ” ಎಂದ. “ಇಬ್ಬರಿಗೂ ಕಾಫಿ ಯಾರು ಮಾಡಬೇಕು ಅಂತ ಜಗಳ.” ಬಳಿಕ ನಾನು ಹೋದಾಗೆಲ್ಲ ಅದನ್ನೇ ಬೆಳೆಸುತ್ತಿದ್ದ. ಕಾಫಿಯ ಜಗಳ ಮುಗಿಯುವ ಮೊದಲೇ, ಫೆಬ್ರವರಿಯಲ್ಲಿ, ಹೋದ.

ಇಗರ್ಜಿಯಲ್ಲಿ ಒಂದು ತಿಂಗಳ ಪೂಜೆ ಮುಗಿಸಿ ಅವನ ಮನೆಗೆ ಹೋಗಿದ್ದೆವು. ಬಂದವರೆಲ್ಲ ಎದ್ದು ಹೋದ ಮೇಲೆ ಎಸ್ತೆರ್ ನನ್ನೆದುರು ಕುಳಿತು ಕೇಳಿದಳು:

“ಮರುದಿನ ಬೆಳಿಗ್ಗೆ ಎಂತ ಆಗ್ತದೆ? ನಿಮಗೆ ಹೇಳ್ತಿದ್ದರಲ್ಲ.”

ನಾನು ಕಾಫಿಯ ಜಗಳ ಹೇಳಿದೆ. ಅವಳು ತಲೆಯಾಡಿಸಿದಳು.

“ಸುಳ್ಳು. ಇವರು ಕಾಫಿಗೆಲ್ಲ ಜಗಳ ಮಾಡುವ ಜನವೇ ಅಲ್ಲ. ನಮ್ಮ ಮದುವೆಯ ಮರುದಿನ ನನಗಿಂತ ಮೊದಲು ಎದ್ದು ನನ್ನ ಬ್ರಷ್ಷಿನಲ್ಲಿ ಹಲ್ಲುಜ್ಜಿದ್ದರು. ಕೇಳಿದರೆ, ‘ಹೊಸತು ಯಾರದ್ದೋ ಇತ್ತು, ಚೆಂದ ಕಂಡಿತು’ ಅಂತೆ. ನಾನು ಇಡೀ ದಿನ ಮಾತಾಡಲಿಲ್ಲ. ಇವರು ಹೆದರಿ ಮಧ್ಯಾಹ್ನದೊಳಗೆ ಪೇಟೆಗೆ ಹೋಗಿ ಎಂತ ತಂದರು ಹೇಳಿ?”

“ಎಂತ?”

ಅವಳು ನಗುವುದಕ್ಕೆ ಹೊರಟು, ಸೆರಗಿನಿಂದ ಕಣ್ಣೊತ್ತಿಕೊಂಡು, ಮೊದಲಿನಿಂದ ಹೇಳತೊಡಗಿದಳು. ನಾನು ಕುಳಿತು ಕೇಳಿದೆ.