ಬದುವಿನಲ್ಲಿ ಹಿಡಿಸದ ಪೆಟ್ಟಿಗೆ

ಸ್ವಲ್ಪ ತಾಳಿ. ಸೌಮ್ಯತೆ ಬಗ್ಗೆ ನನಗೆ ಗೊತ್ತಿರುವುದು ಒಂದೇ ಒಂದು, ಅದಕ್ಕೆ ಬಂದೇ ಬರುತ್ತೇನೆ. ಮೊದಲು ನನ್ನ ಅಜ್ಜಿಯ ಶವಪೆಟ್ಟಿಗೆಯ ವಿಷಯ ಹೇಳಬೇಕು.

ಎರಡು ಸಾವಿರದ ಆರರ ಸುಮಾರು, ನನಗೆ ಇಪ್ಪತ್ತು ವರ್ಷ. ಚಾಮರಾಜನಗರದ ನಮ್ಮ ಸಭೆಯ ಯುವಕರ ಕೂಟದಲ್ಲಿ ಆ ಭಾನುವಾರ ‘ಕ್ರೈಸ್ತ ಜೀವನದಲ್ಲಿ ಸೌಮ್ಯತೆ’ ಎಂದು ಮಾತನಾಡಬೇಕಿತ್ತು. ಯಾರನ್ನೂ ಕೇಳದೆ ನಾನೇ ಓದಿಕೊಂಡು ಹನ್ನೊಂದು ಪುಟ ಬರೆದಿಟ್ಟಿದ್ದೆ. ಅದೇ ವಾರ ಗುಂಡ್ಲುಪೇಟೆ ಹತ್ತಿರದ ನಮ್ಮೂರಿನಲ್ಲಿ ಅಜ್ಜಿ ತೀರಿಕೊಂಡಳು.

ನಮ್ಮ ಸಮಾಧಿಗಳಿರುವ ಜಾಗಕ್ಕೆ ರಸ್ತೆಯಿಲ್ಲ. ಬೇರೆಯವರ ಹೊಲದ ಬದುವಿನ ಮೇಲೇ ಹೋಗಬೇಕು, ಅದೂ ಒಂದಡಿ ಅಗಲ. ಹಾಗಾಗಿ ನಮ್ಮವರು ಹಿಂದಿನಿಂದಲೂ ಶವವನ್ನು ಕಂಬಳಿಯಲ್ಲಿ ಸುತ್ತಿ, ಬಿದಿರಿನ ಗಳಕ್ಕೆ ಜೋಲಿ ಕಟ್ಟಿ, ಮುಂದೊಬ್ಬರು ಹಿಂದೊಬ್ಬರು ಹೊತ್ತು ಒಯ್ಯುತ್ತಿದ್ದರು. ನನಗೆ ಅದನ್ನು ನೋಡಿದರೆ ನಾಚಿಕೆ. ‘ನಮ್ಮಜ್ಜಿಗೆ ಜೋಲಿ ಬೇಡ’ ಎಂದು ಹಟ ಮಾಡಿ ಚಾಮರಾಜನಗರದಿಂದ ಪಾಲಿಶ್ ಹೊಡೆದ ದೊಡ್ಡ ಪೆಟ್ಟಿಗೆ ತರಿಸಿದೆ. ಎರಡೂ ಕಡೆ ಮೂರು ಮೂರು ಹಿಡಿ. ಬದುವಿನ ನೆನಪೇ ಆಗಲಿಲ್ಲ.

ಟ್ರ್ಯಾಕ್ಟರ್ ಹೊಲದ ಅಂಚಿಗೆ ಬಂದು ನಿಂತಿತು. ಆರು ಜನ ಪೆಟ್ಟಿಗೆ ಇಳಿಸಿಕೊಂಡೆವು. ಬದುವಿನ ಎರಡೂ ಬದಿಗೆ ಚೆಂಡುಹೂವು ತುಂಬಿ ನಿಂತಿತ್ತು. ನಡುವೆ ಹೊಲದ ಯಜಮಾನ.

“ಬದು ಮ್ಯಾಲೆ ಓಗಿ, ನಾ ಬ್ಯಾಡ ಅಂದಿಲ್ಲ. ನಾಳೆ ಹೂ ಬುಡಿಸ್ಬೇಕು. ಒಳಕ್ಕೆ ಕಾಲಿಟ್ರೆ ಮಾತ್ರ ಸುಮ್ಕಿರಲ್ಲ.”

“ಆರು ಜನ ಒಂದಡಿ ಬದುವಲ್ಲಿ ಎಂಗ್ ಓಗದು, ಗಾಳೀಲಿ ಆರ್ಕೊಂಡಾ?” ಎಂದ ನನ್ನ ಚಿಕ್ಕಪ್ಪನ ಮಗ.

“ಅಷ್ಟಗಲ ಪೆಟ್ಟಿಗೆ ತಂದೋನ್ನ ಕೇಳ್ಲಾ,” ಎಂದ ಯಜಮಾನ.

ಹಿಂದೆ ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಬಂಡೀಪುರದ ಕಡೆ ಮೋಡ ಕಪ್ಪಗೆ ಕಟ್ಟಿಕೊಂಡಿತ್ತು. ಗುಂಡಿ ತೋಡಿದವರು ದೂರದಿಂದ ಕೂಗುತ್ತಿದ್ದರು: ಮಳೆ ಬಿದ್ದರೆ ಮಣ್ಣು ಕುಸಿಯುತ್ತದೆ, ಇವತ್ತು ಹೂಳುವುದಕ್ಕಾಗುವುದಿಲ್ಲ, ಬೇಗ ಬನ್ನಿ. ಚಿಕ್ಕಪ್ಪನ ಮಗ ನನ್ನ ಕಿವಿಯ ಹತ್ತಿರ ಬಾಗಿದ.

“ನುಗ್ಗನ ಕಣ್ಲಾ. ನಾವು ಇಪ್ಪತ್ತು ಜನ, ಅವನೊಬ್ಬ.”

ನಾನು ಹಿಡಿಯನ್ನು ಬಿಗಿ ಹಿಡಿದು ಒಂದು ಕಾಲನ್ನು ಹೂವಿನೊಳಗೆ ಇಟ್ಟೇಬಿಟ್ಟೆ. ಹನ್ನೊಂದು ಪುಟದಲ್ಲಿ ಒಂದು ಸಾಲೂ ನೆನಪಾಗಲಿಲ್ಲ.

ಅಪ್ಪ ಬಂದು ನನ್ನ ಭುಜದ ಮೇಲೆ ಕೈ ಇಟ್ಟ.

“ಕಾಲ್ ತಗಿ.”

ತೆಗೆದೆ. ಪೆಟ್ಟಿಗೆ ಕೆಳಗಿಳಿಸಿದೆವು. ಅಪ್ಪ ನೇರ ಯಜಮಾನನ ಹತ್ತಿರ ನಡೆದ. ಕಾಲಿಗೆ ಬೀಳುತ್ತಾನೇನೋ ಅಂದುಕೊಂಡೆ. ತಾತನ ಕಾಲದಲ್ಲಾಗಿದ್ದರೆ ಕೈಕಟ್ಟಿ ತಲೆ ತಗ್ಗಿಸಿ ‘ಬುದ್ಧಿ’ ಅನ್ನಬೇಕಿತ್ತು. ಅಪ್ಪ ಅವನ ಮುಖ ನೋಡಿಕೊಂಡೇ ಮಾತನಾಡಿದ.

“ಅಣ್ಣ, ನಿಮ್ಮ ಪಂಪ್‌ಹೌಸ್ ತಾವ ಬಿದಿರು ಗಳ ಇದ್ರೆ ಒಂದು ಕೊಡಿ. ಅವ್ವನ್ನ ಜೋಲೀಲೇ ತಕೊಂಡೋಯ್ತೀವಿ.”

ಯಜಮಾನ ತಿರುಗಿ ಹೊರಟುಹೋದ. ಗಳ ತರುತ್ತಾನೋ ಜನ ಕರೆತರುತ್ತಾನೋ ಯಾರಿಗೂ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಅವನು ಒಬ್ಬನೇ ಬಂದ, ಹೆಗಲ ಮೇಲೆ ಗಳ.

ಅಪ್ಪನೇ ಮುಚ್ಚಳ ತೆಗೆದು ಅಜ್ಜಿಯನ್ನು ಪೆಟ್ಟಿಗೆಯೊಳಗೆ ಹಾಸಿದ್ದ ಕಂಬಳಿಯಲ್ಲೇ ಸುತ್ತಿ ಗಳಕ್ಕೆ ಜೋಲಿ ಕಟ್ಟಿದ. ಮುಂದೆ ಅವನು, ಹಿಂದೆ ನಾನು. ಅರ್ಧ ದಾರಿಯಲ್ಲಿ ಬದು ತಿರುಗುವ ಕಡೆ ನನ್ನ ಕಾಲು ಜಾರಿತು. ಎರಡು ಗಿಡ ಮುರಿದವು. ಅಪ್ಪ ನಿಂತ. ಯಜಮಾನ ನನ್ನ ಹಿಂದೆಯೇ ಬರುತ್ತಿದ್ದ.

“ತಪ್ಪಾಯ್ತು ಕಣಣ್ಣ, ನನ್ ಮಗ ಜಾರ್ಬುಟ್ಟ.”

ಮೊದಲ ಹನಿ ನನ್ನ ಕೈಮೇಲೆ ಬಿತ್ತು.

“ಎರಡು ಗಿಡ ತಾನೆ, ಬುಡಪ್ಪ,” ಎಂದ ಯಜಮಾನ. “ಅಜ್ಜೀನ ಅಲ್ಲಾಡಿಸ್ದೆ ಓಗಿ.”

ಮಳೆ ಜೋರಾಗುವಷ್ಟರಲ್ಲಿ ಮಣ್ಣು ಮುಚ್ಚಿದ್ದೆವು. ವಾಪಸ್ ಬಂದಾಗ ಖಾಲಿ ಪೆಟ್ಟಿಗೆ ಟ್ರ್ಯಾಕ್ಟರ್ ಪಕ್ಕದಲ್ಲಿ ನೆನೆಯುತ್ತಿತ್ತು.

ಭಾನುವಾರ ಆ ಪುಟಗಳನ್ನು ಓದಲಿಲ್ಲ, ಇಷ್ಟನ್ನೇ ಹೇಳಿದೆ. ಕೂಟದಲ್ಲಿ ಒಬ್ಬ ಎದ್ದು ನಿಂತು, “ಅದು ಸೌಮ್ಯತೆನಾ, ಹೆದರಿಕೆನಾ?” ಎಂದು ಕೇಳಿದ. ನಾನು ಅವನಿಗೆ ಹೇಳಿದ್ದು ಇದು: ನನ್ನ ಭುಜ ಹಿಡಿದಾಗ ಅಪ್ಪನ ಕೈ ನಡುಗುತ್ತಿತ್ತು. ಅದು ಸಿಟ್ಟಿನ ನಡುಕ, ನನಗೆ ಗೊತ್ತು, ಆ ಕೈಯಲ್ಲಿ ಏಟು ತಿಂದು ಬೆಳೆದವನು ನಾನು. ಅವತ್ತು ಅದೇ ಕೈ ಚಾಚಿ ಅವನು ಗಳ ಕೇಳಿದ. ಸೌಮ್ಯತೆ ಬಗ್ಗೆ ನನಗೆ ಗೊತ್ತಿರುವುದು ಅಷ್ಟೇ.

ನಿಮ್ಮ ಕೈಯೂ ಯಾವತ್ತಾದರೂ ಹಾಗೆ ನಡುಗಿದ್ದರೆ, ಆಗ ನೀವೇನು ಮಾಡಿದಿರಿ? ಬರೆದು ತಿಳಿಸಿ, ನುಗ್ಗಿಬಿಟ್ಟಿದ್ದರೂ ಪರವಾಗಿಲ್ಲ.