ಅಲೆಪಟ್ಟಣದ ರಾಯ, ಅಕ್ಕೂರಿನ ಸಿದ್ದಮ್ಮ

ಅಕ್ಕೂರಿನ ಸಿದ್ದಮ್ಮ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಆ ಕಾಲದ ಹೆಂಗಸರು ಯಾರು ಹೇಳುತ್ತಿದ್ದರು ಬಿಡಿ! ರೇಷನ್ ಅಂಗಡಿಯವನು "ಯಜಮಾನ್ರ ಹೆಸ್ರೇನಮ್ಮ?" ಎಂದರೆ ಪಕ್ಕದವಳನ್ನು ತಿವಿದು ಅವಳ ಬಾಯಲ್ಲಿ ಹೇಳಿಸುತ್ತಿದ್ದಳು. ಮನೆಯಲ್ಲಿ ಕರೆಯುವುದು "ಇವ್ರೇ" ಎಂದು, ಸಿಟ್ಟು ಬಂದರೆ "ಏನ್ ದೊರೆ" ಎಂದು. ದೊರೆ ಎನ್ನುವುದಕ್ಕೂ ಕಾರಣವಿತ್ತು. ಗಂಡ ಮುನಿಯಪ್ಪ ವರ್ಷವೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ದು ರೇಷ್ಮೆಹುಳು ಸಾಕುವವನು. ಯುಗಾದಿಯ ರಾತ್ರಿ ಮಾತ್ರ ತಗಡಿನ ಕಿರೀಟ ಹೊತ್ತು ಅಲೆಪಟ್ಟಣದ ಶಂಖರಾಯನಾಗುತ್ತಿದ್ದ.

ಅಲೆಪಟ್ಟಣದ ಆಟ ಆ ಊರಿಗೆ ಎಲ್ಲಿಂದ ಬಂತೋ ಶಿವನೇ ಬಲ್ಲ. ಸಮುದ್ರ ಕಂಡವರು ಅಲ್ಲಿ ಒಬ್ಬರೂ ಇರಲಿಲ್ಲ. ಕಥೆ ಇಷ್ಟೇ. ಕಡಲ ದಂಡೆಯ ಪಟ್ಟಣ, ಅದನ್ನಾಳುವ ಶಂಖದ ಮನೆತನ. ಬಂದರಿನಲ್ಲಿ ಹೂಳು ತುಂಬಿ ಹಡಗುಗಳು ಬರುವುದು ನಿಲ್ಲುತ್ತದೆ. ಪೇಟೆ ಮುಚ್ಚುತ್ತದೆ, ಜನ ಗುಳೆ ಹೋಗುತ್ತಾರೆ, ಅರಮನೆಯ ದೀಪಕ್ಕೆ ಎಣ್ಣೆಯಿಲ್ಲ. ಆದರೂ ರಾಯ ಖಾಲಿ ಚಾವಡಿಯಲ್ಲಿ ದಿನಾ ಒಡ್ಡೋಲಗ ನಡೆಸುತ್ತಾನೆ. ಕೊನೆಗೆ ಕಡಲು ಕೇಳುತ್ತದೆ: ನಿನ್ನ ಮನೆತನದ ಒಂದು ಜೀವ ಕೊಡು, ಹಡಗು ಕಳಿಸುತ್ತೇನೆ. ರಾಯ ಮಗಳನ್ನು ಕೊಡುತ್ತಾನೆ. ಕಡಲೆಂದರೆ ಸಿದ್ದಮ್ಮನ ಹಳೆಯ ನೀಲಿ ಸೀರೆ. ಇಬ್ಬರು ಎರಡು ತುದಿ ಹಿಡಿದು ಅಲೆ ಎಬ್ಬಿಸುತ್ತಾರೆ, ವೇಷದ ಮಗು ಅದರಡಿ ನುಸುಳಿ ಆಚೆ ಬರುತ್ತದೆ.

ಆಟಕ್ಕಿಂತ ಮುಖ್ಯವಾದದ್ದು ಆಮೇಲಿನದು. ಆಚೆ ಬಂದ ಮಗುವಿನ ಮುಖಕ್ಕೆ ತಾಯಿಯೋ ಅಜ್ಜಿಯೋ ಚೊಂಬಿನ ನೀರು ಚಿಮುಕಿಸಿ, ಹೆಸರು ಹಿಡಿದು "ಮನೆಗೆ ಬಾ" ಎಂದು ಕರೆಯಬೇಕು. ಮಗು ಓಗೊಡಬೇಕು. ಅದೂ ಸೂರ್ಯ ಹುಟ್ಟುವುದರೊಳಗೆ. ಕರೆಯುವ ತನಕ ಅದು ಅಲೆಪಟ್ಟಣದ ಮಗು, ಕರೆದ ಮೇಲೆ ನಮ್ಮದು.

ಎರಡು ಸಾವಿರದ ಆರನೇ ಇಸವಿ ಹೊತ್ತಿಗೆ ಬೆಂಗಳೂರು ರಸ್ತೆ ಅಗಲವಾಗಿ, ಅದರ ಬದಿಯ ಹೊಲಗಳಲ್ಲಿ ಸಾಲುಸಾಲು ಶೆಡ್ಡುಗಳು ಎದ್ದಿದ್ದವು. ಸೊಸೆ ಶ್ವೇತ ಅಂಥದೊಂದು ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಆ ಯುಗಾದಿಗೆ ರಾಯನ ಮಗಳ ವೇಷ ಅವಳ ಮಗಳು ಪುಟ್ಟಿಯದು. ಆರು ವರ್ಷದ ಬಾಯಿಬಡುಕಿ. ಮಾರನೆಯ ದಿನ ವರ್ಷತೊಡಕು, ಊರಿಗೆ ಊರೇ ಬಾಡೂಟ ಮಾಡುತ್ತದೆ. ಫ್ಯಾಕ್ಟರಿಗೇನು ಗೊತ್ತು ವರ್ಷತೊಡಕು? ರಾತ್ರಿಯೆಲ್ಲ ಆಟ ನಡೆದು, ನಸುಕಿನಲ್ಲಿ ಮಗು ಸೀರೆಯಡಿ ನುಸುಳುವ ಹೊತ್ತಿಗೆ ಸರಿಯಾಗಿ ಫ್ಯಾಕ್ಟರಿ ಬಸ್ಸು ಹಾರನ್ ಹೊಡೆಯಿತು, ಅದರ ಮನೆ ಹಾಳಾಗ! ಅತ್ತೆ ಕರೀತಾರೆ ಬಿಡು ಎಂದುಕೊಂಡು ಶ್ವೇತ ಚೊಂಬು ಕೆಳಗಿಟ್ಟು ಓಡಿದಳು. ಜನರ ಕಾಲು ತಾಗಿ ಚೊಂಬು ಉರುಳಿತು. ಚೆಲ್ಲಿದ ನೀರು ನೋಡಿ ಸಿದ್ದಮ್ಮ, ಸೊಸೆ ಕರೆದಾಯಿತು ಎಂದುಕೊಂಡು ಬಾಡು ಬೇಯಿಸಲು ಹೋದಳು. ಅತ್ತೆಯನ್ನು ನಂಬಿ ಸೊಸೆ, ಸೊಸೆಯನ್ನು ನಂಬಿ ಅತ್ತೆ. ನಡುವೆ ಸೂರ್ಯ ಹುಟ್ಟಿದ.

"ಪುಟ್ಟಿ, ಒಸಿ ಉಪ್ಪು ಈಸ್ಕೊಡವ್ವ," ಎಂದು ಸಿದ್ದಮ್ಮ ಒಲೆಯ ಮುಂದಿನಿಂದ ಕೂಗಿದರೆ ಮಗು ತಿರುಗಿಯೂ ನೋಡಲಿಲ್ಲ. ಹೊಸ್ತಿಲಲ್ಲಿ ನಿಂತು ಕೇಳಿತು: "ಹಡಗುಗಳು ಬಂದವೇ, ತಾಯಿ?"

"ಬಣ್ಣ ತೊಳುದ್ರೂ ಆಟ ಬುಟ್ಟಿಲ್ವಲ್ಲ ಈ ಮುಂಡೇದು!" ಎಂದು ಸಿದ್ದಮ್ಮ ನಕ್ಕಳು. ಸಂಜೆ ಶ್ವೇತ ಬಂದು "ನೀವು ಕರುದ್ರಿ ತಾನೆ ಅತ್ತೆ?" ಎಂದಾಗ ಸಿದ್ದಮ್ಮ ಸೌಟು ಬಿಸಾಕಿ ಮಗುವಿನ ಹತ್ತಿರ ಓಡಿದಳು.

ಆಮೇಲೆ ಇಬ್ಬರೂ ಗಂಟಲು ಕಟ್ಟುವ ತನಕ ಕರೆದರು. ಹೊತ್ತು ಮೀರಿದ ಕರೆ, ತಲುಪಲಿಲ್ಲ. ರಾಮನಗರದ ಡಾಕ್ಟರು ಕಿವಿ ಚೆನ್ನಾಗಿದೆ ಎಂದರು. ಕೆಂಗಲ್ ಆಂಜನೇಯನ ದಾರ ಕಟ್ಟಿಸಿದರು. ಮಗು ಅನ್ನ ಬಿಟ್ಟು ಉಪ್ಪು ಮುಕ್ಕಿತು. ಅದು ನಡೆದಲ್ಲೆಲ್ಲ ಒದ್ದೆ ಹೆಜ್ಜೆ. ಒಣಗಿದ ಮೇಲೆ ನೆಲದಲ್ಲಿ ಬಿಳಿಯ ಪುಡಿ ಉಳಿಯುತ್ತಿತ್ತು. ಕೂದಲಿನಿಂದ ಸಂತೆಯ ಒಣಮೀನಿನ ಬುಟ್ಟಿಯ ವಾಸನೆ. ಅದು ಮುಟ್ಟಿದ ಸೊಪ್ಪನ್ನು ರೇಷ್ಮೆಹುಳುಗಳು ಮೂಸದೆ ತಲೆಯೆತ್ತಿಕೊಂಡು ನಿಂತವು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಬೈದುಕೊಂಡರು, ಅತ್ತರು. ಮಗು ದಿನದಿನಕ್ಕೆ ಬತ್ತುತ್ತಿತ್ತು. ಸಿದ್ದಮ್ಮನಿಗೆ ಆ ಮೊಮ್ಮಗಳೆಂದರೆ ಪ್ರಾಣ. ಈಗ ಅದರ ಪಕ್ಕ ಕೂರಲು ಹೆದರಿಕೆಯಾಗುತ್ತಿತ್ತು, ಹೆದರಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು.

ಒಂದು ಮಟಮಟ ಮಧ್ಯಾಹ್ನ ಮುನಿಯಪ್ಪ ಅಟ್ಟದಿಂದ ಕಿರೀಟ ಇಳಿಸಿದ.

"ಕಡ್ಲುಗೆ ಬೇಕಾಗಿರೋದು ಆ ಮನೆತನದ ಒಂದು ಜೀವ ತಾನೆ? ನಾನ್ಯಾರು ಮತ್ತೆ? ಆ ಮನೆತನದ ಯಜಮಾನ ಕಣೆ. ಸೀರೆ ತತ್ತಾ."

"ಸುಮ್ಕಿರಿ ಅತ್ಲಾಗೆ! ನಿಮ್ಗೇನಾದ್ರೂ ಆದ್ರೆ?"

"ನಾನು ಆಚಿಕ್ ಬಂದ್ಮೇಕೆ ಯಾರೂ ನನ್ನ ಹೆಸ್ರಿಡ್ದು ಕರೀಬ್ಯಾಡಿ. ನಾನಾಗೇ ಹೋಗ್ತಿರೋನ್ಗೆ ಹೊತ್ತಿನ ಲೆಕ್ಕ ಇಲ್ಲ, ಯಾವತ್ತು ಓ ಅಂದ್ರೂ ಕಡ್ಲು ತಿರ್ಗ ಮಗೀನ ಕೇಳ್ತದೆ." ಆಮೇಲೆ ಹಲ್ಲು ಬಿಟ್ಟ. "ನಿಂಗೇನ್ ಕಷ್ಟ ಬುಡು. ಒಂದ್ ದಿನಾನಾರ ಕರ್ದಿದ್ದೀಯಾ?"

ಅವಳಿಗೆ ನಗುವೂ ಬಂತು, ಅಳುವೂ ಬಂತು. ಕಣದಲ್ಲಿ ಸಿದ್ದಮ್ಮ ಒಂದು ತುದಿ ಹಿಡಿದಳು, ಮಗ ಅನಂತರಾಜು ಇನ್ನೊಂದು ತುದಿ. ಗಾಳಿಯ ಸುಳಿವಿಲ್ಲ. ಆದರೂ ಮುನಿಯಪ್ಪ ಬಗ್ಗಿ ಒಳಹೊಕ್ಕ ಕೂಡಲೇ ಸೀರೆ ತಾನಾಗಿ ಉಬ್ಬಿತು, ತೊಯ್ದು ಭಾರವಾಗಿ ಕೈಯನ್ನು ಕೆಳಕ್ಕೆ ಜಗ್ಗಿತು. ಸಿದ್ದಮ್ಮ ಬಿಡಲಿಲ್ಲ. ಆಗ ಜಗಲಿಯಿಂದ ಕೇಳಿಸಿತು: "ಅಜ್ಜೀ, ಹೊಟ್ಟೆ ಹಸೀತದೆ!"

ಶ್ವೇತ ಓಡಿಹೋಗಿ ಮಗಳನ್ನು ಬಾಚಿ ತಬ್ಬಿಕೊಂಡಳು. ಸೀರೆಯ ಆಚೆಯಿಂದ ಎದ್ದು ಬಂದವನು ಕಣವನ್ನೂ ದೂರದ ಶೆಡ್ಡುಗಳನ್ನೂ ದಿಟ್ಟಿಸಿ, ಸಿದ್ದಮ್ಮನಿಗೆ ಕೈಮುಗಿದ. "ತಾವು ಯಾರು, ತಾಯಿ? ನಮ್ಮ ಬಂದರು ಇಷ್ಟು ಒಣಗಿದ್ದೇಕೆ?"

ಆಮೇಲೆ ಅವನು ಜಗಲಿಯ ಮೇಲೆಯೇ ಒಡ್ಡೋಲಗ ಮಾಡಿಕೊಂಡು ಉಳಿದ. ಸಂಜೆ ಫ್ಯಾಕ್ಟರಿ ಬಸ್ಸುಗಳು ದೀಪ ಹಚ್ಚಿಕೊಂಡು ಸಾಲಾಗಿ ಬಂದರೆ ಅವನ ಮುಖ ಅರಳುತ್ತಿತ್ತು, "ಬಂದವು, ಬಂದವು" ಎನ್ನುತ್ತಿದ್ದ. ಸಿದ್ದಮ್ಮ ಮುದ್ದೆ ಇಟ್ಟರೆ "ಈ ಮನೆಯ ಉಪ್ಪು ಉಂಡಿದ್ದೇವೆ, ಮರೆಯೆವು" ಎನ್ನುತ್ತಿದ್ದ. ಊರವರು ಅರುಳು ಮರುಳು ಎಂದುಕೊಂಡರು. ಜಗಲಿ ಗುಡಿಸುವಾಗ ಅವಳಿಗೆ ಬಿಳಿಯ ಪುಡಿ ಸಿಗುತ್ತಿತ್ತು. ಪುಟ್ಟಿ ಶಾಲೆಗೆ ಹೋದಳು, ಜಡೆ ಉದ್ದವಾಯಿತು, ಬಾಯಿ ಇನ್ನಷ್ಟು ಜೋರಾಯಿತು. ಹೇಳಲು ಕೂಡದ ಹೆಸರು ಎಷ್ಟು ಭಾರ ಎಂಬುದು ಸಿದ್ದಮ್ಮನಿಗೆ ಈಗ ತಿಳಿಯಿತು. ಮೊದಲು ನಾಚಿಕೆಯಿಂದ ನುಂಗುತ್ತಿದ್ದದ್ದು ಈಗ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಒಂದು ದಿನ ತಡೆಯಲಾಗಲಿಲ್ಲ. ತೋಟದ ಪಂಪ್‌ಹೌಸಿಗೆ ಹೋಗಿ, ಮೋಟರ್ ಹಾಕಿ, ಆ ಸದ್ದಿನಲ್ಲಿ ಬಾಯಿಗೆ ಸೆರಗು ಹಿಡಿದು ಮೆಲ್ಲಗೆ ಅಂದಳು: "ಮುನಿಯಪ್ಪ." ಜೀವಮಾನದಲ್ಲಿ ಮೊದಲ ಸಲ. ಎದೆ ಹಗುರಾಯಿತು. ಕಣ್ಣು ಒರೆಸಿಕೊಂಡು ಮನೆಗೆ ಬಂದಳು.

ಜಗಲಿಯ ಮೇಲೆ ಅವನು ಎದ್ದು ನಿಂತಿದ್ದ. ಅವನ ಕಣ್ಣು ಅವಳ ಮುಖವನ್ನು ಹುಡುಕುತ್ತಿತ್ತು; ಗುರುತು ಇನ್ನೇನು ಸಿಗಬೇಕು ಎನ್ನುವಂತಿತ್ತು. "ಯಾರೋ ನಮ್ಮನ್ನು ಕರೆದಂತಾಯಿತಲ್ಲ?" ಎಂದ.

"ಇವ್ರೇ" ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಳಗೆ ಓದುತ್ತ ಕೂತಿದ್ದ ಪುಟ್ಟಿಯ ದನಿ ತಟ್ಟನೆ ನಿಂತಿತು. ಸಿದ್ದಮ್ಮ ಬಾಗಿಲತ್ತ ನೋಡಿದಳು. ಹೊಸ್ತಿಲ ಒಳಗೆ ಒಂದು ಒದ್ದೆ ಹೆಜ್ಜೆ ಮೂಡಿತ್ತು.

"ಯಾರೂ ಕರೀನಿಲ್ಲ, ಸ್ವಾಮಿ," ಎಂದಳು ಸಿದ್ದಮ್ಮ. "ಕುಂತ್ಕಳಿ. ಹಡಗು ಬರೋ ಹೊತ್ತಾಯ್ತು."

ಅವನು ಕೂತ. ಒಳಗೆ ಪುಟ್ಟಿ ಮತ್ತೆ ಗಟ್ಟಿಯಾಗಿ ಓದತೊಡಗಿದಳು.